ಮದ್ದು ಬಿಟ್ಟದ್ದು ಯಾರು? ಆರೋಗ್ಯ ಆ್ಯಪ್‌ಗಳು ಗಡಿನಾಡಿನ ಮಾತನ್ನೂ ಕೇಳಲಿ

ಮಾನ್ಯ ಸಂಪಾದಕರೇ,

ಕೃತಕ ಬುದ್ಧಿಮತ್ತೆಯಿಂದ ನಡೆಯುವ ಆರೋಗ್ಯ ಆ್ಯಪ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತಿರುವ ಲೇಖನಗಳನ್ನು ಕುತೂಹಲದಿಂದ ಓದುತ್ತಿದ್ದೇನೆ. ಲಕ್ಷಣ ಹೇಳಿದರೆ ಕಾಯಿಲೆ ಯಾವುದಿರಬಹುದೆಂದು ಸೂಚಿಸುವುದು, ಮಾತ್ರೆಯ ಹೊತ್ತು ನೆನಪಿಸುವುದು, ರಕ್ತಪರೀಕ್ಷೆಯ ವರದಿಯನ್ನು ಸರಳ ಮಾತಿನಲ್ಲಿ ಬಿಡಿಸಿ ಹೇಳುವುದು, ಇವೆಲ್ಲ ಇಂದು ಮೊಬೈಲಿನಲ್ಲಿ ಆಗುವ ಕೆಲಸಗಳೇ. ಅವುಗಳಿಂದ ಹಳ್ಳಿಯವರಿಗೆ ಉಪಕಾರವಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಲೇಖನಗಳೆಲ್ಲ ಆ್ಯಪ್ ನಮಗೆ ಏನು ಹೇಳುತ್ತದೆ ಎಂಬುದರ ಸುತ್ತಲೇ ಇವೆಯೇ ಹೊರತು, ನಾವು ಹೇಳಿದ್ದು ಅದಕ್ಕೆ ಏನೆಂದು ಅರ್ಥವಾಗುತ್ತದೆ ಎಂಬುದನ್ನು ಯಾರೂ ವಿಚಾರಿಸಿದಂತಿಲ್ಲ. ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮದ್ದಿನ ಅಂಗಡಿ ನಡೆಸುತ್ತಿರುವ ನನಗೆ ಈ ಎರಡನೆಯ ಪ್ರಶ್ನೆಯೇ ದಿನವೂ ಎದುರಾಗುತ್ತದೆ. ಮೊದಲೆಲ್ಲ ಜನ ಡಾಕ್ಟರ ಚೀಟಿ ಹಿಡಿದು ಬರುತ್ತಿದ್ದರು, ಈಗ ಮೊಬೈಲನ್ನೇ ಮುಂದೆ ಹಿಡಿದು "ಇದು ಹೀಗೆ ಹೇಳ್ತದಲ್ಲ, ಸರಿಯಾ?" ಎಂದು ಕೇಳುತ್ತಾರೆ.

ಕಳೆದ ಮಳೆಗಾಲ ಹಿಡಿಯುವ ಹೊತ್ತಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಅರುವತ್ತು ದಾಟಿದ ಅಡಿಕೆ ಕೃಷಿಕರೊಬ್ಬರು ಬೆಳಗ್ಗೆ ಹತ್ತು ಗಂಟೆಗೆ ಅಂಗಡಿಗೆ ಬಂದು, ಖಾಲಿಯಾದ ಬಿ.ಪಿ. ಮಾತ್ರೆಯ ಪಟ್ಟಿಯನ್ನು ಕೌಂಟರಿನ ಮೇಲಿಟ್ಟು, ಒಂದು ಪಟ್ಟಿ ಕೊಡಿ, ಕುಡಿಯಲು ಸ್ವಲ್ಪ ನೀರೂ ಕೊಡಿ ಎಂದರು. ಅಂಗಡಿಯಲ್ಲೇ ನಿಂತು ಮಾತ್ರೆ ನುಂಗುವ ಅವಸರವೇಕೆ ಎಂದು ಕೇಳಿದಾಗ ಮೊಬೈಲು ತೋರಿಸಿದರು. ಮಗಳು ಹಾಕಿಕೊಟ್ಟಿದ್ದ ಆ್ಯಪ್‌ಗೆ ಅವರು ಬಾಯಿಮಾತಿನಲ್ಲಿ ಹೇಳಿದ್ದು ಇಷ್ಟು: "ನಿನ್ನೆ ಮದ್ದು ಬಿಟ್ಟ ಮೇಲೆ ತಲೆ ತಿರುಗುತ್ತಾ ಇದೆ." ಅದಕ್ಕೆ ಬಂದ ಉತ್ತರ, ರಕ್ತದೊತ್ತಡದ ಔಷಧಿಯನ್ನು ತಾವಾಗಿ ನಿಲ್ಲಿಸುವುದು ಅಪಾಯಕರ, ತಪ್ಪಿಹೋದ ಮಾತ್ರೆಯನ್ನು ಕೂಡಲೇ ತೆಗೆದುಕೊಳ್ಳಿ ಎಂದು. ಓದುವುದಕ್ಕೆ ಚೆಂದದ, ತಪ್ಪಿಲ್ಲದ ಕನ್ನಡ.

ನಮ್ಮ ಕಡೆಯವರಿಗೆ ಇದರ ಎಡವಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗೆ ಮುಂಚೆ ಕೊಳೆರೋಗ ಬಾರದಂತೆ ಅಡಿಕೆಗೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಸಿಂಪಡಿಸುವುದಕ್ಕೆ ಇಲ್ಲಿ ಮದ್ದು ಬಿಡುವುದು ಎನ್ನುತ್ತೇವೆ. ಅವರು ಹಿಂದಿನ ದಿನ ಮದ್ದು ಬಿಟ್ಟದ್ದು ತೋಟಕ್ಕೆ. ಬಿ.ಪಿ. ಮಾತ್ರೆಯನ್ನು ಅಂದು ಬೆಳಗ್ಗೆ ಕಾಫಿಯ ಜೊತೆ ತಪ್ಪದೆ ನುಂಗಿಯೇ ಬಂದಿದ್ದರು. "ನಾನೆಲ್ಲಿ ಮಾತ್ರೆ ಬಿಟ್ಟದ್ದು ಮಾರಾಯ್ರೇ, ಆದ್ರೂ ಅದು ಹೇಳುವಾಗ ಏನಾದ್ರೂ ಇರ್ಬಹುದು ಅಂತ ಕಂಡಿತು" ಎಂದರು. ಅಂಗಡಿಯ ಯಂತ್ರದಲ್ಲಿ ನೋಡಿದಾಗ ಮೇಲಿನ ಅಂಕಿ ನೂರಕ್ಕಿಂತ ಕೆಳಗಿತ್ತು. ಅಂಥ ಸ್ಥಿತಿಯಲ್ಲಿ ಎರಡನೆಯ ಮಾತ್ರೆ ಹೊಟ್ಟೆಗೆ ಹೋಗಿದ್ದರೆ ಅವರು ನನ್ನ ಬೆಂಚಿನ ಮೇಲೆಯೇ ಕುಸಿಯುತ್ತಿದ್ದರೋ ಏನೋ. ರಿಕ್ಷಾ ಹತ್ತಿಸಿ ಆಸ್ಪತ್ರೆಗೆ ಕಳುಹಿಸಿದೆ. ಸಂಜೆಯೊಳಗೆ ಸುಧಾರಿಸಿಕೊಂಡು ಮನೆಗೆ ಬಂದರು.

ಈ ತಪ್ಪಿಗೆ ಆ್ಯಪ್ ಮಾಡಿದವರನ್ನು ಬಯ್ಯುವುದು ಸುಲಭ, ಆದರೆ ಅದರಿಂದ ಪ್ರಯೋಜನವಿಲ್ಲ. ಯಂತ್ರ ಕಲಿಯುವುದು ತನಗೆ ಉಣಿಸಿದ ಮಾತುಗಳಿಂದ. ಪತ್ರಿಕೆ, ಪುಸ್ತಕ, ವಾರ್ತೆಗಳ ಕನ್ನಡವನ್ನೇ ಹೆಚ್ಚಾಗಿ ಕೇಳಿ ಬೆಳೆದ ಯಂತ್ರಕ್ಕೆ ಮದ್ದು ಬಿಡುವುದೆಂದರೆ ಔಷಧಿ ನಿಲ್ಲಿಸುವುದು ಎಂದೇ ತೋರುತ್ತದೆ; ಬೆಂಗಳೂರಿನ ಓದುಗರಿಗೂ ಹಾಗೇ ತೋರೀತು. ಸೌಖ್ಯ ಇಲ್ಲ ಎಂದರೆ ನಮ್ಮಲ್ಲಿ ಮೈಗೆ ಹುಷಾರಿಲ್ಲ ಎಂದರ್ಥ, ಸುಖವಿಲ್ಲ ಎಂದಲ್ಲ. ಬೇನೆ ಎಂದರೆ ನಮಗೆ ನೋವು. ಬೇರೆ ಕಡೆಯ ಕನ್ನಡದಲ್ಲಿ ಅದು ರೋಗವೂ ಆದೀತು, ಹೆರಿಗೆಯ ನೋವೂ ಆದೀತು. ಇದರ ಮೇಲೆ, ಹಲವು ಆ್ಯಪ್‌ಗಳು ನಮ್ಮ ಮಾತನ್ನು ಮೊದಲು ಅಕ್ಷರಕ್ಕಿಳಿಸಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಿ, ಇಂಗ್ಲಿಷಿನಲ್ಲೇ ಆಲೋಚಿಸಿ, ಉತ್ತರವನ್ನು ಮತ್ತೆ ಕನ್ನಡಕ್ಕೆ ತರುತ್ತವೆ. ಮೂರು ಕಡೆ ಕೈ ಬದಲಾಯಿಸುವ ಮಾತು ಎಲ್ಲಿ ಸೋರಿತೆಂದು ಬಳಸುವವನಿಗೆ ಗೊತ್ತಾಗುವ ದಾರಿಯಿಲ್ಲ. ಮನುಷ್ಯನಾದರೆ ಅರ್ಥವಾಗದ್ದು ಬಂದಾಗ ಹುಬ್ಬು ಗಂಟಿಕ್ಕುತ್ತಾನೆ, ಮಾತು ತಡವರಿಸುತ್ತದೆ. ಇಂಥ ಆ್ಯಪ್‌ಗಳ ಒಳಗೆ ಕುಳಿತು ಮಾತು ಹೆಣೆಯುವ ಇಂದಿನ ಭಾಷಾ ಮಾದರಿಗಳು ತಪ್ಪು ಹೇಳುವಾಗಲೂ ಸರಿ ಹೇಳುವಾಗಲೂ ಒಂದೇ ನಯದಲ್ಲಿ ಹೇಳುತ್ತವೆ.

ಆದ್ದರಿಂದ ಇಂಥ ಆ್ಯಪ್‌ಗಳನ್ನು ರೂಪಿಸುವವರಲ್ಲಿ ನನ್ನ ಮೊದಲ ಮತ್ತು ಮುಖ್ಯ ಕೋರಿಕೆ ಇದು: ಉತ್ತರ ಕೊಡುವುದಕ್ಕೆ ಮೊದಲು, ತನಗೆ ಏನು ಅರ್ಥವಾಯಿತು ಎಂಬುದನ್ನು ಆ್ಯಪ್ ಒಂದು ಸಾಲಿನಲ್ಲಿ ಹೇಳಿ, ಸರಿಯೇ ಎಂದು ಕೇಳಬೇಕು. ಮದ್ದಿನ ಅಂಗಡಿಯಲ್ಲಿ ನಾವು ಇದನ್ನು ದಿನವಿಡೀ ಮಾಡುತ್ತೇವೆ. ಇದರಲ್ಲಿ ಒಂದು ಸೂಕ್ಷ್ಮವೂ ಇದೆ. ನಾವು ಹೇಳಿದ ಪದಗಳನ್ನೇ ತಿರುಗಿ ಹೇಳಿ, ನಿನ್ನೆ ಮದ್ದು ಬಿಟ್ಟಿರಿ, ಸರಿಯೇ ಎಂದು ಕೇಳಿದ್ದರೆ ಆ ಕೃಷಿಕರು ಹೌದು ಎಂದೇ ಒತ್ತುತ್ತಿದ್ದರು. ಪದವನ್ನಲ್ಲ, ತಾನು ಮಾಡಿಕೊಂಡ ಅರ್ಥವನ್ನು ಹೇಳಬೇಕು: ನಿನ್ನೆಯಿಂದ ನೀವು ಬಿ.ಪಿ. ಮಾತ್ರೆ ನುಂಗುತ್ತಿಲ್ಲ, ಸರಿಯೇ? ಹಾಗೆ ಕೇಳಿದ್ದರೆ ಅಲ್ಲ ಎಂಬ ಉತ್ತರ ತಕ್ಷಣ ಬರುತ್ತಿತ್ತು. ಅಲ್ಲ ಎಂದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿಸದೆ, ತಪ್ಪಾದ ಒಂದು ಭಾಗವನ್ನಷ್ಟೇ ತಿದ್ದಲು ಅವಕಾಶವಿರಬೇಕು. ಎರಡು ಸಲ ಅಲ್ಲ ಎಂದರೂ ಅರ್ಥವಾಗದಿದ್ದರೆ ಸೋಲನ್ನು ಒಪ್ಪಿಕೊಂಡು, ಡಾಕ್ಟರಲ್ಲಿಗೋ ಆರೋಗ್ಯ ಕಾರ್ಯಕರ್ತೆಯಲ್ಲಿಗೋ ಹೋಗಿ ಎನ್ನಬೇಕು. ಇದು ದೊಡ್ಡ ಸಂಶೋಧನೆ ಬೇಡುವ ಕೆಲಸವಲ್ಲ. ಹೆಚ್ಚುವರಿ ಒಂದು ಪ್ರಶ್ನೆ ಕೇಳಿದರೆ ಬಳಸುವವರಿಗೆ ಬೇಸರ ಬಂದೀತೆಂಬ ಅಂಜಿಕೆಯಿಂದ ಬಿಟ್ಟಿರಬಹುದು. ನಾಲ್ಕು ಸೆಕೆಂಡಿನ ಬೇಸರ ನಮಗೆ ಒಪ್ಪಿಗೆ.

ಎರಡನೆಯದು ಭಾಷೆಯ ಆಯ್ಕೆ. ಹಾಕಿದ ಕೂಡಲೇ ಸ್ಥಳ ನೋಡಿ ಕೇರಳ ಎಂದು ತಿಳಿದು ಮಲಯಾಳದಲ್ಲಿ ಮಾತಾಡಲು ತೊಡಗುವ ಆ್ಯಪ್‌ಗಳಿವೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ಭಾಗವಾಗಿತ್ತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿ ಒಂದೇ ಮನೆಯಲ್ಲಿ ಅಜ್ಜಿ ತುಳುವಿನಲ್ಲಿ ನೋವು ಹೇಳಿಕೊಂಡು, ಮಗ ಕನ್ನಡದಲ್ಲಿ ಓದಿ, ಮೊಮ್ಮಗಳು ಮಲಯಾಳದಲ್ಲಿ ಡಾಕ್ಟರಿಗೆ ವಿವರಿಸುವುದು ಸಾಮಾನ್ಯ. ಸಪ್ತಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಕೇಳಲು ಇಂಪಾಗಿದೆ, ಮದ್ದಿನ ಅಂಗಡಿಯಲ್ಲಿ ಅದರ ಬೆವರು ನಮಗೆ ಗೊತ್ತು. ಭಾಷೆ ಜಾಗದ್ದಲ್ಲ, ವ್ಯಕ್ತಿಯದು ಎಂದು ಆ್ಯಪ್ ತಿಳಿಯಬೇಕು; ಕೇಳುವುದು ಒಂದು ಭಾಷೆಯಲ್ಲಿ, ಓದುವುದು ಇನ್ನೊಂದರಲ್ಲಿ, ಡಾಕ್ಟರಿಗೆ ತೋರಿಸುವ ಸಾರಾಂಶ ಮತ್ತೊಂದರಲ್ಲಿ ಇರಲು ಬರಬೇಕು. ಪೆರ್ಲ, ಮಂಜೇಶ್ವರ ಕಡೆಯ ರೋಗಿಯ ಕನ್ನಡದ ಮಾತನ್ನು ಮಲಯಾಳದ ಒಂದು ಪುಟವಾಗಿಸಿ ಡಾಕ್ಟರ ಕೈಗೆ ಕೊಡಬಲ್ಲ ಆ್ಯಪ್ ಬಂದರೆ, ನನ್ನ ಮಟ್ಟಿಗೆ ಕೃತಕ ಬುದ್ಧಿಮತ್ತೆಯ ಅತಿ ದೊಡ್ಡ ಉಪಕಾರ ಅದೇ.

ಜಾಗದ ವಿಷಯದಲ್ಲಿ ಇನ್ನೊಂದು ತೊಡಕು, ಹತ್ತಿರದ ಆಸ್ಪತ್ರೆ ಯಾವುದೆಂಬುದು. ನಮ್ಮ ಕಡೆಯವರು ಪುತ್ತೂರಿಗೂ ಮಂಗಳೂರಿಗೂ ಹೋಗುವವರು. ಗಡಿಯ ಬಳಿ ಮೊಬೈಲು ಆಚೆಯ ಟವರಿಗೆ ಅಂಟಿಕೊಳ್ಳುವುದೂ ಉಂಟು. ನಕ್ಷೆಯಲ್ಲಿ ಹತ್ತಿರವಿದ್ದದ್ದು ದಾರಿಯಲ್ಲಿ ಹತ್ತಿರವಿರಬೇಕಾಗಿಲ್ಲ ಎಂಬ ಪಾಠವನ್ನು 2020ರ ಮಾರ್ಚಿನಲ್ಲಿ, ಕೊರೊನಾದ ಹೊತ್ತಿಗೆ, ಮಂಗಳೂರಿನ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ನಾವು ಕಲಿತಿದ್ದೇವೆ. ಯಾವ ರಾಜ್ಯದ ವಿಮೆಯ ಕಾರ್ಡು ಇದೆ, ಯಾವ ಕಡೆಗೆ ಹೋಗುವಿರಿ ಎಂದು ಆ್ಯಪ್ ಒಮ್ಮೆ ಕೇಳಿ ನೆನಪಿಟ್ಟುಕೊಂಡರೆ ಸಾಕು.

ಪರದೆಯ ವಿನ್ಯಾಸದ ಬಗ್ಗೆ ಹೇಳುವಾಗ ನನ್ನ ಅಂಗಡಿಯ ಕಾಗದದ ಕವರಿನಿಂದಲೇ ಆರಂಭಿಸಬೇಕು. ಮಾತ್ರೆ ಹಾಕಿ ಕೊಡುವ ಆ ಕವರಿನ ಮೇಲೆ ಓದುಬಾರದವರಿಗೆ ನಾನು ಏಳುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಎಂದು ಮೂರು ಚಿತ್ರ ಬರೆದು, ನುಂಗಬೇಕಾದ ಹೊತ್ತಿನ ಚಿತ್ರದ ಕೆಳಗೆ ಮಾತ್ರೆಯ ಆಕಾರದ ಗುರುತು ಹಾಕುತ್ತೇನೆ; ಊಟವಾದ ಮೇಲಾದರೆ ಒಂದು ಬಟ್ಟಲು. ಒಮ್ಮೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಕನ್ನಡಾಭಿಮಾನದಿಂದ ೧-೦-೧ ಎಂದು ಬರೆದುಕೊಟ್ಟ. ಒಂದು ಎಂಬ ಅಂಕಿಯೂ ಸೊನ್ನೆಯೂ ಸಣ್ಣದಾಗಿ ಬರೆದರೆ ಬೇರೆಬೇರೆ ಎಂದು ಕಾಣುವುದಿಲ್ಲ. ಆ ಅಮ್ಮ ಮೂರು ಹೊತ್ತೂ ನುಂಗಿದರು. ಪುಣ್ಯಕ್ಕೆ ಅದು ವಿಟಮಿನ್ ಮಾತ್ರೆ. ಪ್ರಮಾಣ ಹೇಳುವ ಜಾಗದಲ್ಲಿ ಕನ್ನಡ ಅಂಕಿಯನ್ನು ಬಳಸುವುದಾದರೆ ಜೊತೆಗೆ ಅಕ್ಷರದಲ್ಲಿ ಒಂದು, ಅರ್ಧ, ಬೇಡ ಎಂದು ಬರೆಯಲೇಬೇಕು ಎಂಬುದು ನನ್ನ ಅಂಗಡಿಯಲ್ಲಿ ಅಂದಿನಿಂದ ಕಾನೂನು.

ಅಕ್ಷರಕ್ಕೂ ಇಂಥದೇ ಕಷ್ಟ. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಬಟನ್ನಿನೊಳಗೆ ಕನ್ನಡ ಹಾಕಿದರೆ ಕೆಳಗಿನ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. ಒಂದು ಆ್ಯಪ್‌ನಲ್ಲಿ ನಾನೇ ಓದಿದ್ದೇನೆ, ಬೆಳಗ್ಗೆ ಒಂದು ಮಾತೆ, ರಾತ್ರಿ ಒಂದು ಮಾತೆ ಎಂದು. ನಗು ಬಂತು, ಆದರೆ ಅಕ್ಷರ ಕೂಡಿಸಿ ಕೂಡಿಸಿ ಓದುವ ಹಿರಿಯರಿಗೆ ಅದು ನಗುವ ವಿಷಯವಲ್ಲ. ಆಂಡ್ರಾಯ್ಡ್‌ನ ವಿನ್ಯಾಸ ಸೂಚನೆಗಳು ಬೆರಳಿನಿಂದ ಒತ್ತುವ ಜಾಗ ಸುಮಾರು 9 ಮಿಲಿಮೀಟರ್ ಅಗಲ ಮತ್ತು ಎತ್ತರ ಇರಬೇಕೆನ್ನುತ್ತವೆ. ಪರದೆಯ ಬರಹ ಎಲ್ಲರಿಗೂ ಓದುವಂತಿರಲು ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ ಕನಿಷ್ಠ 4.5ಕ್ಕೆ 1ರಷ್ಟು ಇರಬೇಕೆಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಇವು ಯಾವುವೂ ಹೊಸತಲ್ಲ, ಪಾಲಿಸುವವರು ಬೇಕು. ಅಡಿಕೆ ಸುಲಿದು, ಬೀಡಿ ಕಟ್ಟಿ ಬೆರಳ ತುದಿ ಸವೆದವರ ಗುರುತನ್ನು ಮೊಬೈಲಿನ ಬೆರಳಚ್ಚಿನ ಬೀಗ ಹಿಡಿಯುವುದೇ ಇಲ್ಲವೆಂಬುದನ್ನು ಮಾತ್ರ ಆ ಸೂಚನೆಗಳಿಗೆ ನಾನು ಸೇರಿಸುತ್ತೇನೆ.

ಈ ಆ್ಯಪ್‌ಗಳನ್ನು ರೂಪಿಸುವವರ ಮನಸ್ಸಿನಲ್ಲಿ ಒಬ್ಬ ರೋಗಿಗೆ ಒಂದು ಮೊಬೈಲು, ಒಂದು ನಂಬರು ಇದ್ದಂತಿದೆ. ನಮ್ಮಲ್ಲಿ ಅಮ್ಮನ ಸಿಮ್ ಮಗನ ಹೆಸರಿನಲ್ಲಿ, ನೋಂದಾಯಿಸಿದ ನಂಬರು ಮಗನದು, ಮಗ ಇರುವುದು ಗಲ್ಫಿನಲ್ಲಿ. ಸಕ್ಕರೆಯ ಮಟ್ಟ ಬರೆದಿಡಲು ಇಲ್ಲಿ ಆ್ಯಪ್ ತೆರೆದರೆ ಒಟಿಪಿ ದುಬೈಗೆ ಹೋಗುತ್ತದೆ. ಅವನು ಕೆಲಸದಿಂದ ಬಂದು ನೋಡಿ ವಾಟ್ಸಾಪಿನಲ್ಲಿ ಕಳಿಸುವಾಗ ಅದರ ಅವಧಿ ಮುಗಿದಿರುತ್ತದೆ. ಇನ್ನು ಎಣ್ಮಕಜೆ ಮೊದಲಾದ ಪಂಚಾಯತುಗಳಲ್ಲಿ, 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ನೆಲದಲ್ಲಿ, ತನ್ನ ನೋವನ್ನು ತಾನೇ ಹೇಳಲಾಗದ ಮಕ್ಕಳನ್ನು, ಈಗ ದೊಡ್ಡವರಾಗಿರುವ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರಿದ್ದಾರೆ. ನಿಮಗೆ ಎಲ್ಲಿ ನೋಯುತ್ತದೆ ಎಂದು ಕೇಳುವ ಆ್ಯಪ್ ಆ ತಾಯಿಗೆ ಯಾವ ಉಪಯೋಗಕ್ಕೂ ಬಾರದು. ನೀವು ಯಾರ ಪರವಾಗಿ ಕೇಳುತ್ತಿದ್ದೀರಿ ಎಂಬುದು ಮೊದಲ ಪರದೆಯ ಪ್ರಶ್ನೆಯಾಗಬೇಕು. ಅವಳು ಹೇಳಬಲ್ಲದ್ದು ಊಟ ಬಿಟ್ಟದ್ದು, ರಾತ್ರಿ ಅತ್ತದ್ದು, ಅಪಸ್ಮಾರ ಎಷ್ಟು ಸಲ ಬಂತೆಂಬುದು. ಪ್ರಶ್ನೆಗಳೂ ಹಾಗೆಯೇ ಇರಬೇಕು.

ಕೇರಳದ ಆರೋಗ್ಯ ಇಲಾಖೆ 30 ವರ್ಷ ದಾಟಿದವರ ಜೀವನಶೈಲಿ ರೋಗಗಳ ಸಮೀಕ್ಷೆಗಾಗಿ ‘ಶೈಲಿ’ ಎಂಬ ಆ್ಯಪನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟಿರುವುದನ್ನು ಇಲ್ಲಿ ನೆನೆಯಬೇಕು. ಮೊಬೈಲು ಅವರ ಕೈಯಲ್ಲಿ, ಮಾತು ಮನೆಯವರ ಬಾಯಲ್ಲಿ; ಅರ್ಥವಾಗದ್ದನ್ನು ನಡುವೆ ನಿಂತ ಆಕೆ ಕೇಳಿ ತಿಳಿದುಕೊಳ್ಳುತ್ತಾರೆ. ಕೃತಕ ಬುದ್ಧಿಮತ್ತೆಯ ಆ್ಯಪನ್ನೂ ಮೊದಲು ಇಂಥವರ ಕೈಗೆ ಕೊಟ್ಟು, ಅವರು ತಿದ್ದಿದ ಮಾತುಗಳಿಂದ ಯಂತ್ರವನ್ನು ಪಳಗಿಸುವುದು ವಿವೇಕದ ದಾರಿ. ಆದರೆ ಈಗಾಗಲೇ ಹೊರೆ ಹೊತ್ತಿರುವ ಅವರಿಗೆ ಈ ಕೆಲಸಕ್ಕೆ ಬೇರೆಯೇ ಸಂಭಾವನೆ ಕೊಡಬೇಕು.

ಯಂತ್ರಕ್ಕೆ ಯಾವ ಲೆಕ್ಕ ಕಲಿಸುತ್ತೇವೆ ಎಂಬುದೂ ಭಾಷೆಯಷ್ಟೇ ಮುಖ್ಯ. ಅಮೆರಿಕದ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸುವ ಒಂದು ಗಣಕಸೂತ್ರ, ಕರಿಯ ರೋಗಿಗಳು ಹೆಚ್ಚು ಕಾಯಿಲೆಯಲ್ಲಿದ್ದರೂ ಅವರನ್ನು ಹಿಂದಕ್ಕೆ ತಳ್ಳುತ್ತಿದ್ದುದನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕಾರಣ ಸರಳವಾಗಿತ್ತು: ಕಾಯಿಲೆ ಎಷ್ಟಿದೆ ಎಂಬುದರ ಬದಲು ಚಿಕಿತ್ಸೆಗೆ ಎಷ್ಟು ಖರ್ಚಾಯಿತು ಎಂಬುದನ್ನು ಅದು ಅಳತೆಗೋಲಾಗಿ ಹಿಡಿದಿತ್ತು. ಖರ್ಚು ಮಾಡಲಾಗದವನು ಅದರ ಲೆಕ್ಕದಲ್ಲಿ ಆರೋಗ್ಯವಂತ. ಕೂಲಿ ತಪ್ಪುತ್ತದೆಂದು ಆರು ತಿಂಗಳು ಎದೆಯುರಿಯನ್ನು ಸೋಡಾ ಕುಡಿದು ಕಳೆದವರು ನನ್ನ ಗಿರಾಕಿಗಳಲ್ಲಿದ್ದಾರೆ. ಅವರ ಹೆಸರಿನಲ್ಲಿ ಆಸ್ಪತ್ರೆಯ ಕಡತವೇ ಇಲ್ಲ. ಕಡತ ನೋಡಿ ಕಲಿಯುವ ಆ್ಯಪ್‌ಗೆ ಅವರು ಇಲ್ಲವೇ ಇಲ್ಲ.

ಉತ್ತರದ ರೀತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಶೇಕಡಾ ಎಪ್ಪತ್ತು ಸಾಧ್ಯತೆ ಎಂಬ ಮಾತಿನಿಂದ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಈಗಲೇ ಹೊರಡಿ, ನಾಳೆಯೊಳಗೆ ತೋರಿಸಿ, ಮೂರು ದಿನ ನೋಡಿ ಎಂದರೆ ತಿಳಿಯುತ್ತದೆ. ಎದೆ ಹಿಡಿದ ಹಾಗೆ ಆಗುತ್ತದೆ, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತದೆ ಎಂದ ಕ್ಷಣದಲ್ಲಿ ಎಲ್ಲ ಪ್ರಶ್ನೆಗಳನ್ನು ನಿಲ್ಲಿಸಿ 108ಕ್ಕೆ ಕರೆ ಮಾಡುವ ದೊಡ್ಡ ಬಟನ್ನೊಂದನ್ನೇ ತೋರಿಸಬೇಕು, ಅದು ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ಮಾಡಬೇಕು. ಮಳೆಗಾಲದಲ್ಲಿ ನಮ್ಮ ಗುಡ್ಡದ ಬದಿಯ ಮನೆಗಳಲ್ಲಿ ರೇಂಜು ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ.

ಇನ್ನು ಒಪ್ಪಿಗೆಯ ವಿಷಯ. ಆ್ಯಪ್ ಹಾಕಿದಾಗ ಬರುವ ಉದ್ದನೆಯ ಇಂಗ್ಲಿಷ್ ಬರಹದ ಕೆಳಗೆ ಒಪ್ಪಿದೆ ಎಂದು ಒತ್ತದವರು ಯಾರಿದ್ದಾರೆ? ನಾನೂ ಒತ್ತಿದವನೇ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ನಮ್ಮ ಮಾಹಿತಿ ಬಳಸಲು ಒಪ್ಪಿಗೆ ಕೇಳುವವರು ಆ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕೊಡಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಗಮನಿಸಬೇಕಾದ್ದೇನೆಂದರೆ, ಈ ಹಕ್ಕು ನಾವು ಯಾವ ರಾಜ್ಯದಲ್ಲಿದ್ದೇವೆ ಎಂಬುದನ್ನು ಅವಲಂಬಿಸಿಲ್ಲ. ಕಾಸರಗೋಡಿನ ಕನ್ನಡಿಗನಿಗೂ ಸೊಲ್ಲಾಪುರದ, ಹೊಸೂರಿನ, ಅದವಾನಿಯ ಕನ್ನಡಿಗನಿಗೂ ಕನ್ನಡದಲ್ಲಿ ಕೇಳುವ ಅಧಿಕಾರವಿದೆ. ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ತುಳುವೂ ಬ್ಯಾರಿಯೂ ಇಲ್ಲದಿರುವುದು ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ಕೊರತೆ. ಆದರೂ ಓದಲಾಗದವರಿಗೆ ತುಳುವಿನಲ್ಲಿ ಓದಿ ಹೇಳಬಾರದೆಂದು ಯಾವ ಕಾನೂನೂ ತಡೆಯುವುದಿಲ್ಲ.

ಯಂತ್ರಗಳಿಗೆ ನಮ್ಮ ದೇಶದ ಭಾಷೆಗಳನ್ನು ಕಲಿಸುವ ಕೇಂದ್ರ ಸರಕಾರದ ‘ಭಾಷಿಣಿ’ ಯೋಜನೆಯಲ್ಲಿ ಸಾರ್ವಜನಿಕರು ತಮ್ಮ ದನಿಯನ್ನೇ ದಾನವಾಗಿ ಕೊಡುವ ‘ಭಾಷಾದಾನ’ ಎಂಬ ವ್ಯವಸ್ಥೆಯಿದೆ. ಕಾಸರಗೋಡಿನ ಕನ್ನಡ ಅಲ್ಲಿ ಎಷ್ಟು ಕೇಳಿಸುತ್ತದೆಯೋ ಅಷ್ಟು ಮುಂದಿನ ಯಂತ್ರಗಳು ನಮ್ಮನ್ನು ಅರಿಯುತ್ತವೆ. ಬರೀ ದನಿ ಸಾಲದು, ಅರ್ಥವೂ ಬೇಕು. ಪೊವ್ವಲಿನ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು, ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗದವರು, ಒಂದಿಬ್ಬರು ನಿವೃತ್ತ ದಾದಿಯರು ಕೂಡಿ ಕುಳಿತರೆ, ನಮ್ಮ ಕಡೆ ನೋವು, ಸಂಕಟ, ನಿಶ್ಶಕ್ತಿಗಳನ್ನು ಹೇಳುವ ನಾನೂರು ಐನೂರು ಮಾತುಗಳ ಪಟ್ಟಿಯನ್ನು ಒಂದು ಬೇಸಗೆ ರಜೆಯಲ್ಲಿ ಮಾಡಿಬಿಡಬಹುದು. ಪ್ರತಿ ಮಾತಿಗೂ ಅದನ್ನು ಆಡುವವರ ದನಿ, ಅದರ ಅರ್ಥ, ಅದಕ್ಕೆ ಬರಬಹುದಾದ ಅಪಾರ್ಥ ಜೊತೆಗಿರಲಿ. ಮದ್ದು ಬಿಡುವುದು ಆ ಪಟ್ಟಿಯ ಮೊದಲ ಸಾಲಿನಲ್ಲಿರಲಿ ಎಂಬುದು ನನ್ನ ಸಣ್ಣ ಹಟ.

ಆ್ಯಪ್ ಮಾಡುವವರು ಬೆಂಗಳೂರಿನಲ್ಲಿರಲಿ, ಕೊಚ್ಚಿಯಲ್ಲಿರಲಿ, ಬಿಡುಗಡೆಗೆ ಮುಂಚೆ ಎರಡು ದಿನ ಇತ್ತ ಬಂದು ಜನರ ಕೈಗೆ ಮೊಬೈಲು ಕೊಟ್ಟು, ತಾವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತು ನೋಡಲಿ. ಎಲ್ಲಿ ಬೆರಳು ತಡೆಯುತ್ತದೆ, ಎಲ್ಲಿ ಕನ್ನಡಕ ಹುಡುಕುತ್ತಾರೆ, ಎಲ್ಲಿ ಮೊಬೈಲನ್ನು ಮೊಮ್ಮಗನ ಕೈಗೆ ದಾಟಿಸುತ್ತಾರೆ ಎಂಬುದು ಆಗ ತಿಳಿಯುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ನನ್ನ ಅಂಗಡಿಯಲ್ಲಿ ವ್ಯಾಪಾರ ಕಡಿಮೆ. ಆದರೆ ಬಸ್ಸಿಗೆ ಕಾಯುವ ಏಳೆಂಟು ಮಂದಿ ಎದುರಿನ ಬೆಂಚಿನಲ್ಲಿ ಯಾವಾಗಲೂ ಇರುತ್ತಾರೆ. ಅವರಲ್ಲಿ ಅರ್ಧದಷ್ಟು ಮಂದಿಗೆ ಬಿ.ಪಿ. ಇದೆ, ಮಾತಾಡುವುದಕ್ಕೆ ಎಲ್ಲರಿಗೂ ಪುರುಸೊತ್ತಿದೆ.

ಇತಿ ತಮ್ಮ ವಿಶ್ವಾಸಿ,
ಮದ್ದಿನ ಅಂಗಡಿಯವನೊಬ್ಬ,
ಪೆರ್ಲ, ಕಾಸರಗೋಡು ಜಿಲ್ಲೆ